ಉತ್ತರಪತ್ರಿಕೆ ಮರಳಿ ಬರುವ ಹೊತ್ತು



ನಾನು ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಾಸ್ತರಿಕೆ ಮಾಡಿದವನು. ಮಕ್ಕಳು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇತಿಹಾಸದ್ದಲ್ಲ, ಗಣಿತದ್ದೂ ಅಲ್ಲ. "ಸರ, ಮೊನ್ನೆ ಬರದಿದ್ದ ಪೇಪರ ಯಾವಾಗ ಕೊಡ್ತೀರಿ?" ಎಂಬುದೇ ಆ ಪ್ರಶ್ನೆ. ನಾಲ್ಕು ತರಗತಿಗೆ ಇಬ್ಬರೇ ಮಾಸ್ತರರು. ಅದರ ಮೇಲೆ ಜನಗಣತಿ, ಮತದಾರರ ಯಾದಿ, ಪಲ್ಸ್ ಪೋಲಿಯೊ. ಎಲ್ಲ ಮುಗಿಸಿ ಪೇಪರು ತಿದ್ದಿ ಕೊಡುವಾಗ ಹದಿನೈದು ದಿನ ಕಳೆದಿರುತ್ತಿತ್ತು. ಅಷ್ಟರಲ್ಲಿ ಭಿನ್ನರಾಶಿ ಮುಗಿದು ದಶಮಾಂಶ ನಡೆದಿರುತ್ತಿತ್ತು. ತಪ್ಪಿನ ಮೇಲಿನ ಕೆಂಪು ಗೆರೆಯನ್ನು ಹುಡುಗ ನೋಡುತ್ತಿದ್ದ, ಪೇಪರನ್ನು ಮಡಚಿ ದೋಣಿ ಮಾಡುತ್ತಿದ್ದ.

ಈ ಹದಿನೈದು ದಿನಗಳನ್ನು ಹೇಗೆ ಕಡಿಮೆ ಮಾಡುವುದು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ದೊಡ್ಡದೊಂದು ಇತಿಹಾಸವೇ ಇದೆ. ಇಂದು ಮೊಬೈಲಿನಲ್ಲಿ ಪಾಠ ನೋಡುವ ಮಗು ಒಂದು ಗುಂಡಿ ಒತ್ತಿದರೆ ಆ ಸುದ್ದಿ ಕೆಲವೇ ಕ್ಷಣಗಳಲ್ಲಿ ದೂರದ ಗಣಕಯಂತ್ರವನ್ನು ಮುಟ್ಟುವ ಏರ್ಪಾಡಾಗಿದೆ. ಅದು ಹೇಗೆ ಬಂತು, ಗಡಿಯಲ್ಲಿರುವ ನಮಗೆ ಅದರಿಂದ ಏನಾಗುತ್ತದೆ ಎಂಬುದನ್ನು ಇಂದು ಸ್ವಲ್ಪ ನೋಡೋಣ.

ಕಥೆ ಶುರುವಾಗುವುದು ಅಮೆರಿಕದ ಒಂದು ಶಾಲೆಯಲ್ಲಿ. 1953ರ ನವೆಂಬರ್ ತಿಂಗಳು. ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಮಗಳ ನಾಲ್ಕನೇ ತರಗತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ತಂದೆಯರು ಬಂದು ಪಾಠ ನೋಡುವ ದಿನ ಅದು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಕೆಲವರು ಬೇಗ ಮುಗಿಸಿ ಸುಮ್ಮನೆ ಕುಳಿತಿದ್ದರು, ಕೆಲವರು ತಿಳಿಯದೆ ಒದ್ದಾಡುತ್ತಿದ್ದರು. ಕೊನೆಗೆ ಶಿಕ್ಷಕಿ ಹಾಳೆಗಳನ್ನು ಕೂಡಿಸಿ ಒಯ್ದರು. ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಮರುದಿನ ತಿಳಿಯುವುದು. ಮರುದಿನವೇ ತಡವಾಯಿತೆಂದು ಸ್ಕಿನ್ನರ್ ಚಡಪಡಿಸಿದರು! ನಮ್ಮ ಹದಿನೈದು ದಿನ ಕೇಳಿದ್ದರೆ ಏನು ಅನ್ನುತ್ತಿದ್ದರೋ. ಅವರು ಮನೆಗೆ ಬಂದು ಒಂದು ಯಂತ್ರದ ಮಾದರಿ ಮಾಡತೊಡಗಿದರು, 1954ರಲ್ಲಿ ಪಿಟ್ಸ್‌ಬರ್ಗಿನಲ್ಲಿ ವಿದ್ವಾಂಸರ ಮುಂದೆ ಅದನ್ನು ತೋರಿಸಿದರು. ಮಗು ಉತ್ತರ ಕೊಟ್ಟ ಕೂಡಲೇ ಅದು ಸರಿಯೇ ಎಂದು ಯಂತ್ರವೇ ತಿಳಿಸುತ್ತಿತ್ತು. 1920ರ ದಶಕದಲ್ಲಿಯೇ ಸಿಡ್ನಿ ಪ್ರೆಸ್ಸಿ ಎಂಬವರು ಇಂಥದೇ ಒಂದು ಯಂತ್ರ ಮಾಡಿದ್ದರು, ಅದು ನಡೆಯಲಿಲ್ಲ.

ಸ್ಕಿನ್ನರರ ಪೆಟ್ಟಿಗೆಯಲ್ಲಿ ಒಂದು ಕೊರತೆಯಿತ್ತು. ಉತ್ತರ ಮಗುವಿಗೆ ತಿಳಿಯುತ್ತಿತ್ತು, ಆದರೆ ಇಡೀ ತರಗತಿ ಎಲ್ಲಿ ಎಡವುತ್ತಿದೆ ಎಂಬುದನ್ನು ಮಾಸ್ತರರಿಗೆ ಹೇಳುವ ದಾರಿ ಅದರಲ್ಲಿ ಇರಲಿಲ್ಲ. ಆ ಕೆಲಸಕ್ಕೆ ಗಣಕಯಂತ್ರವೇ ಬೇಕಾಯಿತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಾನಲ್ಡ್ ಬಿಟ್ಜರ್ ಎಂಬ ಇಂಜಿನಿಯರ್ 'ಪ್ಲೇಟೋ' ಎಂಬ ವ್ಯವಸ್ಥೆ ಕಟ್ಟಿದರು. ಮೊದಲು ಒಬ್ಬನೇ ವಿದ್ಯಾರ್ಥಿ, ಒಂದು ದೂರದರ್ಶನದ ಪರದೆ, ಕೆಲವು ಗುಂಡಿಗಳು. 1972ರ ಹೊತ್ತಿಗೆ ಅದರ ನಾಲ್ಕನೆಯ ಆವೃತ್ತಿ ಬಂತು. ಅದರ ಪರದೆಗಾಗಿ ಬಿಟ್ಜರ್ ಮತ್ತು ಸಂಗಡಿಗರು 1964ರಲ್ಲಿಯೇ ಪ್ಲಾಸ್ಮಾ ಫಲಕವನ್ನು ಕಂಡುಹಿಡಿದಿದ್ದರು. ಬೆರಳಿನಿಂದ ಮುಟ್ಟಿ ಉತ್ತರ ಹೇಳಬಹುದಾಗಿತ್ತು. ಇಂದು ನಮ್ಮ ಮಕ್ಕಳು ಮೊಬೈಲಿನ ಮೇಲೆ ಬೆರಳಾಡಿಸುವುದನ್ನು ನೋಡಿದಾಗ ನನಗೆ ಅದು ನೆನಪಾಗುತ್ತದೆ. ಮುಖ್ಯ ಸಂಗತಿಯೆಂದರೆ, ವಿದ್ಯಾರ್ಥಿ ಕೊಟ್ಟ ಉತ್ತರಗಳನ್ನು ಯಂತ್ರ ಬರೆದಿಡುತ್ತಿತ್ತು. ಪಾಠ ಬರೆದವರು ಅವನ್ನು ನೋಡಿ, ಎಲ್ಲರೂ ತಪ್ಪುವ ಜಾಗದಲ್ಲಿ ಪಾಠವನ್ನೇ ತಿದ್ದಬಹುದಾಗಿತ್ತು. ತಪ್ಪು ಮಗುವಿನದೇ ಇರಬೇಕೆಂದಿಲ್ಲ, ಪಾಠದ್ದೂ ಇರಬಹುದು ಎಂಬುದು ಮಾಸ್ತರನಾದ ನನಗೆ ದೊಡ್ಡ ಮಾತು.

ಅದೇ ದಶಕದಲ್ಲಿ ನಮ್ಮ ನಾಡಿನಲ್ಲಿ ನಡೆದದ್ದು ಬೇರೆಯೇ ಬಗೆಯ ಸಾಹಸ. ಹಿರಿಯ ಕೇಳುಗರಲ್ಲಿ ಕೆಲವರಿಗೆ ನೆನಪಿದ್ದೀತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಕಡ ತಂದು ಹಳ್ಳಿಗಳಿಗೆ ದೂರದರ್ಶನ ತೋರಿಸಲಾಯಿತು. 'ಸೈಟ್' ಎಂದು ಅದರ ಹೆಸರು. ಒಪ್ಪಂದ 1969ರಲ್ಲಿಯೇ ಆಗಿತ್ತು. ಅದಕ್ಕೆ ಕಾರಣರಾದ ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು, ಫಲ ನೋಡಲಿಲ್ಲ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಕೋಳಿಗೂಡಿನ ಜಾಲರಿಯಂಥ ತಂತಿಯ ಮೂರು ಮೀಟರ್ ಅಗಲದ ದೊಡ್ಡ ಬುಟ್ಟಿಗಳನ್ನು ನಿಲ್ಲಿಸಿದರು. ಅಹಮದಾಬಾದಿನಿಂದಲೋ ದಿಲ್ಲಿಯಿಂದಲೋ ಮೇಲೆ ಹೋದ ಚಿತ್ರ 36,000 ಕಿಲೋಮೀಟರ್ ಎತ್ತರದ ಉಪಗ್ರಹ ಮುಟ್ಟಿ ಶಾಲೆಯ ಅಂಗಳಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸುವ ಸೌಲಭ್ಯ ಅದರಲ್ಲಿತ್ತು. ಹೀಗಾಗಿ ಒಂದು ಚಿತ್ರಕ್ಕೆ ಎರಡು ಭಾಷೆ ಕೂಡಿಸಬಹುದಾಗಿತ್ತು. ಆ ದಿನಗಳ ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಒಂದು.

ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ನಕ್ಷೆ ನೋಡಿ. ಗುಲ್ಬರ್ಗಾದ ಆಳಂದ, ಅಫಜಲಪುರ ಮತ್ತು ಬಿಜಾಪುರದ ಇಂಡಿ ತಾಲ್ಲೂಕುಗಳು ನಮ್ಮ ಅಕ್ಕಲಕೋಟೆಗೆ ಹೊಲದ ಬದುವಿನಷ್ಟು ಹತ್ತಿರ. ಆದರೆ ಆರು ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ ಇರಲಿಲ್ಲ. ಆಕಾಶದಿಂದ ಬಂದ ಕನ್ನಡ ಪಾಠ ಜಿಲ್ಲೆಯ ಗೆರೆಯ ಹತ್ತಿರ ನಿಂತಿತು. ಅಲೆಗಳಿಗೆ ಗಡಿಯಿಲ್ಲ, ಆ ಬುಟ್ಟಿಯನ್ನು ನಿಲ್ಲಿಸಲು ಬೇಕಾದ ಮಂಜೂರಾತಿಗೆ ಗಡಿಯಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ, ಪ್ರಯೋಗಕ್ಕೆ ಎಲ್ಲಾದರೂ ಗೆರೆ ಎಳೆಯಲೇಬೇಕು. ಆದರೆ ಗೆರೆ ಎಳೆದಾಗಲೆಲ್ಲ ನಾವು ಅದರ ಮೇಲೆಯೇ ಇರುತ್ತೇವೆ.

ಇನ್ನೊಂದು ತಮಾಷೆಯ ಸಂಗತಿ. ಉಪಗ್ರಹ ಪ್ರಸಾರದ ಕನಸನ್ನು ಮೊದಲು ಬರೆದ ಆರ್ಥರ್ ಕ್ಲಾರ್ಕ್ ಆಗ ಕೊಲಂಬೊದಲ್ಲಿದ್ದರು. ನಮ್ಮ ಇಂಜಿನಿಯರರು ಅವರ ಮನೆಯಲ್ಲಿಯೂ ಒಂದು ಬುಟ್ಟಿ ಕೂರಿಸಿಕೊಟ್ಟರು.

ಸೈಟ್ ಪ್ರಯೋಗದಲ್ಲಿ ಪಾಠ ಮೇಲಿನಿಂದ ಕೆಳಗೆ ಬರುತ್ತಿತ್ತು, ಕೆಳಗಿನಿಂದ ಮೇಲಕ್ಕೆ ಏನೂ ಹೋಗುತ್ತಿರಲಿಲ್ಲ. ಮಕ್ಕಳಿಗೆ ತಿಳಿಯಿತೋ ಇಲ್ಲವೋ ಎಂಬುದನ್ನು ಅರಿಯಲು ಸಂಶೋಧಕರು ಹಳ್ಳಿಗಳಿಗೆ ಬಂದರು. ಕೆಲವರು ತಿಂಗಳುಗಟ್ಟಲೆ ಅಲ್ಲಿಯೇ ಮನೆ ಮಾಡಿಕೊಂಡಿದ್ದು, ನೋಡಿದ್ದನ್ನು ಬರೆದರು. ಒಳ್ಳೆಯ ಕೆಲಸ. ಆದರೆ ವರದಿಗಳು ಕೂಡಿ ಬರುವ ಹೊತ್ತಿಗೆ ಉಪಗ್ರಹ ತನ್ನ ಜಾಗಕ್ಕೆ ಮರಳಿತ್ತು, ಆ ಮಕ್ಕಳು ಮುಂದಿನ ತರಗತಿಗೆ ಹೋಗಿದ್ದರು. ನನ್ನ ಹದಿನೈದು ದಿನದ ಪೇಪರಿನ ಕಥೆಯೇ ಅದು, ದೊಡ್ಡ ಅಳತೆಯಲ್ಲಿ.

ಮುಂದೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಮೇಲೇರಿತು. ಪ್ರಾಥಮಿಕ ಶಾಲೆಗಳಿಗೆ ಅದರ ಪ್ರಯೋಗ ನಡೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ, ಅಂದರೆ ತಾಳವಾಡಿಯ ಕೇಳುಗರಿಗೆ ಪಕ್ಕದ ಮನೆಯಲ್ಲಿ. ಕೇರಳದಲ್ಲಿ ಅದೇ ಉಪಗ್ರಹದ ಬಲದಿಂದ 2005ರಲ್ಲಿ ವಿಕ್ಟರ್ಸ್ ವಾಹಿನಿ ಹುಟ್ಟಿತು. 2020ರ ಜೂನ್ 1ರಂದು ಕೊರೋನಾ ಕಾಲದಲ್ಲಿ 'ಫಸ್ಟ್ ಬೆಲ್' ಪಾಠಗಳು ಶುರುವಾದದ್ದು ಆ ವಾಹಿನಿಯಲ್ಲಿಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳನ್ನು ಮಾಡಲಾಯಿತು.

ಶಾಲೆಗಳ ಲೆಕ್ಕವೂ ಹೀಗೆಯೇ ನಿಧಾನದ್ದು. 1990ರ ದಶಕದ ನಡುವಿನಲ್ಲಿ 'ಡೈಸ್' ಎಂಬ ಪದ್ಧತಿ ಬಂತು. ವರ್ಷಕ್ಕೊಮ್ಮೆ, ಸೆಪ್ಟೆಂಬರ್ 30ರಂದು ಇದ್ದ ಸ್ಥಿತಿಯನ್ನು ಮಾಸ್ತರರು ನಮೂನೆಯಲ್ಲಿ ತುಂಬಬೇಕಾಗಿತ್ತು. ಎಷ್ಟು ಮಕ್ಕಳು, ಎಷ್ಟು ಕೋಣೆ, ಶೌಚಾಲಯ ಇದೆಯೇ. ಆ ನಮೂನೆ ತುಂಬಿದವರಿಗೆ ಗೊತ್ತು, ಸೆಪ್ಟೆಂಬರ್ 30ರಂದು ಶಾಲೆಯಲ್ಲಿದ್ದು ದೀಪಾವಳಿಯ ನಂತರ ಕಬ್ಬು ಕಡಿಯಲು ತಂದೆತಾಯಿಯ ಜೊತೆ ಹೋದ ಮಗು ಲೆಕ್ಕದಲ್ಲಿ ಮಾರ್ಚಿನವರೆಗೂ ಶಾಲೆಯಲ್ಲಿಯೇ ಇರುತ್ತಿತ್ತು.

ಈಗ ಹೊಸ ಕಾಲುವೆಯ ಮಾತಿಗೆ ಬರೋಣ. 2010ರ ಆಸುಪಾಸಿನಲ್ಲಿ ಅಮೆರಿಕದ ಲಿಂಕ್ಡ್‌ಇನ್ ಎಂಬ ಕಂಪನಿಯಲ್ಲಿ ಒಂದು ತೊಡಕಿತ್ತು. ಕೋಟ್ಯಂತರ ಜನ ತಮ್ಮ ತಾಣದಲ್ಲಿ ಏನು ನೋಡಿದರು, ಏನು ಒತ್ತಿದರು ಎಂಬ ಸುದ್ದಿಯನ್ನು ಗಂಟೆಗೊಮ್ಮೆ, ರಾತ್ರಿಗೊಮ್ಮೆ ಗಂಟು ಕಟ್ಟಿ ಸಾಗಿಸಬೇಕಾಗಿತ್ತು. ಜೇ ಕ್ರೆಪ್ಸ್, ನೇಹಾ ನಾರ್ಖೇಡೆ, ಜುನ್ ರಾವ್ ಎಂಬ ಮೂವರು ಸೇರಿ 'ಕಾಫ್ಕಾ' ಎಂಬ ವ್ಯವಸ್ಥೆ ಬರೆದರು, 2011ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಬರೆಯುವುದೇ ಅದರ ಮುಖ್ಯ ಕೆಲಸವಾದ್ದರಿಂದ ಒಬ್ಬ ಬರಹಗಾರನ ಹೆಸರು ಇಟ್ಟರಂತೆ.

ಅದರ ಮೂಲ ಉಪಾಯ ನಮ್ಮ ಅಂಗಡಿಕಾರರಿಗೆ ಹೊಸದೇನಲ್ಲ. ಕಿರ್ದಿ ಗೊತ್ತಿದೆಯಲ್ಲ? ಮುಂಜಾನೆಯಿಂದ ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಸಾಲಾಗಿ ಬರೆಯುವ ಪುಸ್ತಕ. ಬರೆದದ್ದನ್ನು ಅಳಿಸುವಂತಿಲ್ಲ, ನಡುವೆ ತುರುಕುವಂತಿಲ್ಲ. ಆಮೇಲೆ ಅದರಿಂದ ಒಬ್ಬೊಬ್ಬರ ಖಾತೆಗೆ ಇಳಿಸುತ್ತಾರೆ. ಕಾಫ್ಕಾ ಎಂಬುದು ಒಂದು ಬೃಹತ್ ಕಿರ್ದಿ. ಒಂದು ತುದಿಯಲ್ಲಿ ಸಾವಿರಾರು ಕೈಗಳು ಬರೆಯುತ್ತಲೇ ಇರುತ್ತವೆ. ಇನ್ನೊಂದು ಕಡೆ ಹಲವು ಓದುಗರು, ತಾವು ಎಲ್ಲಿಯವರೆಗೆ ಓದಿದ್ದೇವೆಂದು ಬೆರಳಿಟ್ಟುಕೊಂಡು, ತಮ್ಮ ತಮ್ಮ ವೇಗದಲ್ಲಿ ಓದುತ್ತಾರೆ. ಒಬ್ಬ ಓದುಗ ಲೆಕ್ಕ ಮಾಡುತ್ತಾನೆ, ಇನ್ನೊಬ್ಬ ತಪ್ಪು ಹುಡುಕುತ್ತಾನೆ, ಮತ್ತೊಬ್ಬ ಕಡತಕ್ಕೆ ಸೇರಿಸುತ್ತಾನೆ. ಒಬ್ಬ ಹಿಂದುಳಿದರೆ ಇನ್ನೊಬ್ಬನಿಗೆ ತೊಂದರೆಯಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಖಾತೆ ಬರೆಯುತ್ತಿದ್ದವರು ಈಗ ಗಿರಾಕಿ ನಿಂತಿರುವಾಗಲೇ ಬರೆಯುತ್ತಾರೆ ಎಂದುಕೊಳ್ಳಿ.

ನಮ್ಮ ದೇಶದಲ್ಲಿ 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನ 'ದೀಕ್ಷಾ' ವೇದಿಕೆ ಉದ್ಘಾಟನೆಯಾಯಿತು. ಪಠ್ಯಪುಸ್ತಕದ ಪುಟದಲ್ಲಿ ಕಪ್ಪುಬಿಳಿ ಚೌಕದ ಗುರುತು ಬಂತು. ಮೊಬೈಲಿನ ಕ್ಯಾಮೆರಾ ತೋರಿಸಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ತೆರೆಯುತ್ತವೆ. ದೀಕ್ಷಾದ ಒಳಗಿರುವುದು 'ಸನ್‌ಬರ್ಡ್' ಎಂಬ ಮುಕ್ತ ತಂತ್ರಾಂಶ. ಮಗು ಪಾಠ ತೆರೆದದ್ದು, ಮುಚ್ಚಿದ್ದು, ಪ್ರಶ್ನೆಗೆ ಉತ್ತರಿಸಿದ್ದು, ಒಂದೊಂದೂ ಒಂದು 'ಘಟನೆ'ಯಾಗಿ ದಾಖಲಾಗುತ್ತದೆ. ಸಿಗ್ನಲ್ ಇಲ್ಲದಿದ್ದರೆ ಅದು ಮೊಬೈಲಿನಲ್ಲಿಯೇ ಕಾಯುತ್ತದೆ, ಸಿಕ್ಕಾಗ ಹೊರಡುತ್ತದೆ. ಆ ಕಡೆ ಕಾಫ್ಕಾದ ಕಿರ್ದಿಯಲ್ಲಿ ಬೀಳುತ್ತದೆ. ನಂತರ ಒಂದೊಂದೇ ಕಟ್ಟೆ ದಾಟಬೇಕು. ಮೊದಲು, ಬರಹ ಸರಿಯಾಗಿದೆಯೇ ಎಂಬ ಪರೀಕ್ಷೆ. ಆಮೇಲೆ, ಒಂದೇ ಸುದ್ದಿ ಎರಡು ಸಲ ಬಂದಿದ್ದರೆ ಒಂದನ್ನು ತೆಗೆಯುವುದು. ಬಳಿಕ ಅದು ಯಾವ ಪಾಠ, ಯಾವ ತರಗತಿ, ಯಾವ ಮಾಧ್ಯಮ ಎಂಬ ವಿವರ ಅಂಟಿಸುವುದು. ಕೊನೆಗೆ ಬೇಗ ಕೂಡಿ ಕಳೆಯುವ ಉಗ್ರಾಣಕ್ಕೆ ತುಂಬುವುದು. ಇದನ್ನೆಲ್ಲ ಮಾಡುವ ತಂತ್ರಾಂಶಗಳ ಹೆಸರು ಸಾಮ್ಜಾ, ಫ್ಲಿಂಕ್, ಡ್ರೂಯಿಡ್ ಎಂದು. ಹೆಸರು ನೆನಪಿಡಬೇಕಾಗಿಲ್ಲ.

ಒಂದು ಪ್ರಶ್ನೆಗೆ ಹೆಚ್ಚಿನ ಮಕ್ಕಳು ಒಂದೇ ತಪ್ಪು ಉತ್ತರ ಕೊಟ್ಟರೆ ಅದು ಅಂದೇ ತಿಳಿದೀತು. ಬಿಟ್ಜರರ ಪ್ಲೇಟೋ ಒಂದು ವಿಶ್ವವಿದ್ಯಾಲಯಕ್ಕೆ ಮಾಡಿದ್ದನ್ನು ಇದು ದೇಶಕ್ಕೆ ಮಾಡಬಲ್ಲದು. ಇದು ಸಣ್ಣ ಮಾತಲ್ಲ, ನನಗೆ ಮೆಚ್ಚಿಗೆಯಿದೆ.

ಆದರೆ ಗಡಿ ಹಳ್ಳಿಯಲ್ಲಿ ನಿಂತು ನೋಡಿದರೆ ಮೂರು ಕಲ್ಲುಗಳು ಕಾಲಿಗೆ ತಾಗುತ್ತವೆ.

ಮೊದಲನೆಯದು ತಡವಾಗಿ ಬಂದವರ ಗತಿ. ತಾಳವಾಡಿಯ ಬೆಟ್ಟದ ಮೇಲೋ ವಯನಾಡಿನ ಕಾಡಂಚಿನಲ್ಲೋ ಇರುವ ಮಗು ಸೋಮವಾರ ಉತ್ತರಿಸಿದ್ದು ಶನಿವಾರ ಸಂತೆಗೆ ಬಂದಾಗ ಸಿಗ್ನಲ್ ಸಿಕ್ಕು ಹೊರಟಿತು ಎನ್ನಿ. ಸೋಮವಾರದ ಲೆಕ್ಕ ಅಷ್ಟರಲ್ಲಿ ಮುಗಿದಿರುತ್ತದೆ. ಘಟನೆ ನಡೆದ ಹೊತ್ತು ಬೇರೆ, ಸುದ್ದಿ ಮುಟ್ಟಿದ ಹೊತ್ತು ಬೇರೆ. ಈ ತೊಡಕಿನ ಬಗ್ಗೆ ಗೂಗಲ್ಲಿನ ಇಂಜಿನಿಯರರು 2015ರಲ್ಲಿ ಒಂದು ಪ್ರಸಿದ್ಧ ಪ್ರಬಂಧವನ್ನೇ ಬರೆದರು. ಎಷ್ಟು ಹೊತ್ತು ಕಾಯಬೇಕು, ತಡವಾಗಿ ಬಂದದ್ದನ್ನು ಸೇರಿಸಿ ಲೆಕ್ಕ ತಿದ್ದಬೇಕೇ, ಬಿಟ್ಟುಬಿಡಬೇಕೇ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ, ವ್ಯವಸ್ಥೆ ಕಟ್ಟುವ ಮನುಷ್ಯ ನಿರ್ಧರಿಸುತ್ತಾನೆ. ಅವನ ಊರಿನಲ್ಲಿ ಸಿಗ್ನಲ್ ಯಾವಾಗಲೂ ಇರುತ್ತದೆ.

ಎರಡನೆಯದು ಊರು ಯಾವುದು ಎಂಬ ಪ್ರಶ್ನೆ. ಮೊಬೈಲು ಯಾವ ಜಾಲದಿಂದ ಮಾತಾಡುತ್ತಿದೆ ಎಂಬುದನ್ನು ನೋಡಿ ಜಿಲ್ಲೆ ಊಹಿಸುವ ಕ್ರಮ ಇಂಥ ವ್ಯವಸ್ಥೆಗಳಲ್ಲಿದೆ. ನಮ್ಮಲ್ಲಿ ಅಂಗಳದಲ್ಲಿ ನಿಂತರೆ ಒಂದು ರಾಜ್ಯದ ಟವರು, ಹಿತ್ತಲಿಗೆ ಹೋದರೆ ಇನ್ನೊಂದು ರಾಜ್ಯದ್ದು. ಮಡಕಶಿರಾ ಕಡೆಯ ಕೇಳುಗರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಊಹೆ ತಪ್ಪಿದರೆ ಮಗು ಪಕ್ಕದ ರಾಜ್ಯದ ಲೆಕ್ಕದಲ್ಲಿ ಬಿತ್ತು. ಅಲ್ಲಿನ ಕನ್ನಡ ಸಾಗರದಲ್ಲಿ ಒಂದು ಹನಿ ಹೆಚ್ಚಾದರೆ ಯಾರಿಗೂ ತಿಳಿಯದು. ಇಲ್ಲಿನ ಹತ್ತು ಹನಿಗಳಲ್ಲಿ ಒಂದು ಕಡಿಮೆಯಾದರೆ ಕನ್ನಡ ವರ್ಗ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಅಚ್ಚು ಹಾಕುತ್ತದೆ, ಅದು ನಮ್ಮ ಭಾಗ್ಯ. ಆದರೆ 'ಎಷ್ಟು ಜನ ನೋಡಿದರು' ಎಂಬ ಎಣಿಕೆಯೇ ಮುಂದಿನ ಪಾಠ ಮಾಡಲು ಆಧಾರವಾದರೆ, ಪಾಠ ಕಡಿಮೆ ಇರುವುದರಿಂದ ನೋಡುವವರು ಕಡಿಮೆ, ನೋಡುವವರು ಕಡಿಮೆ ಇರುವುದರಿಂದ ಪಾಠ ಕಡಿಮೆ ಎಂದು ಗಾಣದ ಎತ್ತು ತಿರುಗಿದಂತಾಗುತ್ತದೆ. ಮೇಲಾಗಿ ನಮ್ಮಲ್ಲಿ ಮನೆಗೊಂದೇ ಮೊಬೈಲು. ಅಣ್ಣ, ತಂಗಿ, ಪಕ್ಕದ ಮನೆಯ ಹುಡುಗ ಮೂವರೂ ಕೂಡಿ ನೋಡಿದರೂ ಕಿರ್ದಿಯಲ್ಲಿ ಬೀಳುವುದು ಒಂದೇ ಸಾಲು.

ಮೂರನೆಯದು ಅಂಕಿ ನೋಡಿ ಅವಸರದ ತೀರ್ಪು ಕೊಡುವುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 2007ರ ಸುಮಾರಿಗೆ ವಿದ್ಯಾರ್ಥಿಗಳ ಪರದೆಯ ಮೇಲೆ ಕೆಂಪು, ಹಳದಿ, ಹಸಿರು ದೀಪ ತೋರಿಸುವ ಪದ್ಧತಿ ಬಂತು. ಹಿಂದೆ ಬೀಳುತ್ತಿರುವವನಿಗೆ ಕೆಂಪು. ಇಂಥ ದೀಪವಿರುವ ಎರಡು ಅಥವಾ ಹೆಚ್ಚು ಪಾಠಕ್ರಮ ತೆಗೆದುಕೊಂಡವರು ಕಾಲೇಜು ಬಿಡುವುದು ಕಡಿಮೆ ಎಂದು ಹೇಳಲಾಯಿತು, ಬಹಳ ಹೊಗಳಿಕೆ ಬಂತು. 2013ರಲ್ಲಿ ಕೆಲವರು ತಿರುಗಿ ಕೇಳಿದರು. ಕಾಲೇಜು ಬಿಡದೆ ಉಳಿದವನೇ ತಾನೇ ಹೆಚ್ಚು ಪಾಠಕ್ರಮ ತೆಗೆದುಕೊಳ್ಳುವುದು? ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯನ್ನು ಅರವತ್ತು ಸಲ ನೋಡಿದವರೆಲ್ಲ ಅರವತ್ತು ದಾಟಿದವರೇ. ಹಾಗೆಂದು ಜಾತ್ರೆ ನೋಡಿದರೆ ಆಯುಷ್ಯ ಬೆಳೆಯಿತು ಎಂದು ಬರೆಯಲಾದೀತೇ?

ಇನ್ನು ಕಾಲುವೆಯಲ್ಲಿ ಹರಿಯುವುದು ನೀರಲ್ಲ, ಮಕ್ಕಳ ವಿಷಯ. ಅಮೆರಿಕದಲ್ಲಿ 2013ರಲ್ಲಿ 'ಇನ್‌ಬ್ಲೂಮ್' ಎಂಬ ಸಂಸ್ಥೆ ಹತ್ತು ಕೋಟಿ ಡಾಲರ್ ದತ್ತಿಯ ಬಲದಿಂದ, ಹಲವು ರಾಜ್ಯಗಳ ಶಾಲಾ ಮಕ್ಕಳ ದಾಖಲೆಗಳನ್ನು ಒಂದೇ ಕಡೆ ಕೂಡಿಸಲು ಹೊರಟಿತು. ತಂದೆತಾಯಿಗಳು ಎದ್ದು ನಿಂತರು. ನಮ್ಮ ಮಗುವಿನ ವಿಷಯ ಯಾರ ಕೈಗೆ, ಎಷ್ಟು ಕಾಲ, ಯಾರನ್ನು ಕೇಳಿ? ಸರಿಯಾದ ಉತ್ತರ ಸಿಗಲಿಲ್ಲ. 2014ರ ಏಪ್ರಿಲ್‌ನಲ್ಲಿ ಸಂಸ್ಥೆ ಬಾಗಿಲು ಮುಚ್ಚುವುದಾಗಿ ಹೇಳಿತು. ನಮ್ಮಲ್ಲಿಯೂ 2023ರ ಜನವರಿಯಲ್ಲಿ, ದೀಕ್ಷಾದ ಒಂದು ಸಂಗ್ರಹಕ್ಕೆ ಬೀಗವಿಲ್ಲದೆ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಹೊರಗಿನವರಿಗೆ ಕಾಣುವಂತಿತ್ತು ಎಂದು ವೈರ್ಡ್ ಪತ್ರಿಕೆ ವರದಿ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಪಾಸಾಯಿತು. ಹದಿನೆಂಟು ವರ್ಷದೊಳಗಿನವರ ವಿಷಯಕ್ಕೆ ತಂದೆತಾಯಿಯ ಒಪ್ಪಿಗೆ ಬೇಕೆಂಬ ಮಾತು ಅದರಲ್ಲಿದೆ. ಆ ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳುತ್ತಾರೆ ಎಂಬುದು ನಮ್ಮಂಥ ಊರುಗಳಲ್ಲಿ ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪರದೆಯ ಮೇಲೆ ಇಂಗ್ಲಿಷ್. 'ಒಪ್ಪಿದೆ' ಎಂಬ ಗುಂಡಿ ಒತ್ತುವುದು ಹೆಚ್ಚಾಗಿ ಆ ಮಗುವೇ.

ಮೊನ್ನೆ ನಾನು ಹಳೆಯ ಶಾಲೆಗೆ ಹೋಗಿದ್ದೆ. ಈಗಿನ ಬಾಯಿಯವರು, ನನ್ನ ವಿದ್ಯಾರ್ಥಿನಿಯೇ, ತಮ್ಮ ಮೊಬೈಲಿನಲ್ಲಿ ಐದನೇ ತರಗತಿಯ ಪಾಠ ತೆರೆದು ಬೆಂಚಿನ ಮೇಲೆ ನಿಲ್ಲಿಸಿದ್ದರು. ಹನ್ನೊಂದು ಮಕ್ಕಳು ಸುತ್ತ ಕೂತಿದ್ದರು. ಪ್ರಶ್ನೆ ಬಂದಾಗ ಎಲ್ಲರೂ ಒಟ್ಟಿಗೆ ಕೂಗಿದರು, ಎಂಟು ಜನ ಒಂದು ಉತ್ತರ, ಮೂವರು ಇನ್ನೊಂದು. ಬಾಯಿಯವರು ಎಂಟು ಜನರ ಉತ್ತರ ಒತ್ತಿದರು, ಹಸಿರು ಗುರುತು ಬಂತು. "ಮತ್ತ ಆ ಮೂರು ಮಂದೀದು ಎಲ್ಲಿ ಹೋತು, ಅಕ್ಕೋರ?" ಎಂದೆ ನಾನು. ಅವರು ನಕ್ಕು ಮೇಜಿನ ಮೇಲಿದ್ದ ಒಂದು ನೂರು ಪುಟದ ನೋಟ್‌ಬುಕ್ ತೋರಿಸಿದರು. ಅದರಲ್ಲಿ ದಿನಾಂಕ ಹಾಕಿ ಮೂವರ ಹೆಸರೂ ಬರೆದಿತ್ತು. "ಇವ್ರನ್ನ ಊಟದ ಸುಟ್ಟಿಗೆ ಕೂಡ್ರಿಸ್ಕೋತೀನ್ರಿ ಸರ" ಎಂದರು. ಹೊರಗೆ ಖಿಚಡಿಯ ಗಂಟೆ ಬಾರಿಸಿತು.